ಇನ್ನೂ ಐದು ಕುದುರೆ ಬೇಕಾಗಿವೆ

ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಕಾರು ಓಡಿಸೋಕೆ 2022ರಲ್ಲಿ ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯಿತು ಎಂದು ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿತ್ತು. ಅಂದರೆ ಗಂಟೆಗೆ 20 ಕಿಲೋಮೀಟರ್ ಚಿಲ್ಲರೆ. ಇಂಥ ಊರಿನಲ್ಲಿ ಜನ ತಮ್ಮ ಎಂಜಿನ್‌ಗೆ ಇನ್ನೈದು ಎಚ್‌ಪಿ, ಅಂದರೆ ಅಶ್ವಶಕ್ತಿ, ಸೇರಿಸಿಕೊಂಡು ಬರೋಣ ಅಂತ ಕಾರಿನ ಬಿಡಿಭಾಗಗಳ ಅಂಗಡಿ ಸಾಲಿರುವ ಜೆ.ಸಿ. ರಸ್ತೆಗೆ ಹೊರಡುತ್ತಾರೆ. ಹೋಗಿ ಸೇರೋಕೇ ಅರ್ಧ ದಿನ ಬೇಕು, ಅದು ಬೇರೆ ಮಾತು.

ಅಲ್ಲಿ ಸಿಗುವ ಮಾಲಿನ ಹೆಸರು ಕೋಲ್ಡ್ ಏರ್ ಇಂಟೇಕ್. ಎಂಜಿನ್‌ಗೆ ಗಾಳಿ ಸೋಸಿ ಕೊಡೋಕೆ ಕಂಪನಿಯವರು ಕೂರಿಸಿದ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಕಿತ್ತು, ಆ ಜಾಗಕ್ಕೆ ಒಂದು ಹೊಳೆಯುವ ಪೈಪು, ಅದರ ತುದಿಗೆ ಕೆಂಪು ಬಣ್ಣದ ಕೋನ್ ಫಿಲ್ಟರ್.

"ಪಿಕಪ್ ಜಾಸ್ತಿ ಆಗುತ್ತಾ ಅಣ್ಣಾ?"

"ಸರ್, ಹಾಕಿಸ್ಕೊಂಡು ಹೋಗಿ. ಆಮೇಲೆ ನೀವೇ ಫೋನ್ ಮಾಡ್ತೀರ."

ಯಾಕೆ ಫೋನ್ ಮಾಡ್ತೀರ ಅನ್ನೋದನ್ನು ಅವರು ಹೇಳೋದಿಲ್ಲ. ಯಾವ ಗ್ರಾಹಕರ ನ್ಯಾಯಾಲಯದಲ್ಲೂ ಸಿಕ್ಕಿಬೀಳದ ಮಾತು ಇದು.

ಈಗ ಒಂದು ಸಣ್ಣ ಲೆಕ್ಕ. ಒಂದು ಟನ್ ತೂಕದ ಕಾರು ಸಮತಟ್ಟಾದ ರಸ್ತೆಯಲ್ಲಿ ಒಂದೇ ಸಮನೆ 20 ಕಿ.ಮೀ. ವೇಗದಲ್ಲಿ ಹೋಗೋಕೆ ಎಷ್ಟು ಶಕ್ತಿ ಬೇಕು? ಟೈರಿನ ತಡೆ, ಗಾಳಿಯ ತಡೆ ಎರಡೂ ಸೇರಿ ಹೆಚ್ಚುಕಡಿಮೆ 1 ಎಚ್‌ಪಿ. ಒಂದೇ ಒಂದು ಕುದುರೆ. ಎ.ಸಿ. ಹಾಕಿದರೆ ಇನ್ನೆರಡು-ಮೂರು. ಸಿಗ್ನಲ್ ಬಿಟ್ಟಾಗ ಸ್ವಲ್ಪ ಹೊತ್ತು ಹತ್ತಿಪ್ಪತ್ತು. ಕ್ಯಾಟಲಾಗ್‌ನಲ್ಲಿ ಇರೋದು 90. ಉಳಿದ ಕುದುರೆಗಳೆಲ್ಲ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕುರ್ಚಿಗೆ ಕೋಟು ನೇತುಹಾಕಿ, ಕಾಫಿಗೆ ಹೋಗಿವೆ. ಇಲಾಖೆಯ ಕಡತ ಮಾತ್ರ ಮುಂದಕ್ಕೆ ಸರಿಯುತ್ತಿಲ್ಲ. ಇದನ್ನು ನೋಡಿದ ಯಜಮಾನರು ಸಿಬ್ಬಂದಿ ಕೊರತೆ ಅಂತ ತೀರ್ಮಾನಿಸಿ ಇನ್ನೈದು ಹುದ್ದೆ ಮಂಜೂರು ಮಾಡಿಸಿಕೊಂಡಿದ್ದಾರೆ.

ಹಾಗೆ ನೋಡಿದರೆ ಈ ಎಚ್‌ಪಿ ಹುಟ್ಟಿದ್ದೇ ವ್ಯಾಪಾರಕ್ಕೆ. 18ನೇ ಶತಮಾನದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಅಂತ ಗಿರಾಕಿಗಳಿಗೆ ತೋರಿಸೋಕೆ ಈ ಅಳತೆ ತಂದ. ಅವತ್ತಿನಿಂದ ಕುದುರೆ ಮಾರುವವರ ಸಂಖ್ಯೆ ಕಡಿಮೆಯಾಗಿಲ್ಲ, ಕುದುರೆಗಳ ಸಂಖ್ಯೆ ಕಡಿಮೆಯಾಗಿದೆ.

ಕೋಲ್ಡ್ ಏರ್ ಇಂಟೇಕ್‌ನ ತತ್ವವೇನೂ ಸುಳ್ಳಲ್ಲ. ತಣ್ಣಗಿನ ಗಾಳಿ ದಟ್ಟ. ಅಷ್ಟೇ ಜಾಗದಲ್ಲಿ ಜಾಸ್ತಿ ಆಮ್ಲಜನಕ ಹಿಡಿಯುತ್ತದೆ, ಅದಕ್ಕೆ ತಕ್ಕಂತೆ ಜಾಸ್ತಿ ಪೆಟ್ರೋಲ್ ಉರಿಸಬಹುದು. 10 ಡಿಗ್ರಿ ತಣ್ಣಗಾದರೆ ಗಾಳಿ ಸುಮಾರು ಶೇ. 3ರಷ್ಟು ದಟ್ಟವಾಗುತ್ತದೆ. ತೊಂದರೆ ಏನಂದರೆ, ಈ ವಿಷಯ ಕಾರು ಮಾಡಿದವರಿಗೂ ಗೊತ್ತು. ಬಾನೆಟ್ ಎತ್ತಿ ಆ ಕಪ್ಪು ಡಬ್ಬಿಯ ಮೂತಿ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಗ್ರಿಲ್ ಹಿಂದೆಯೋ ಹೆಡ್‌ಲೈಟ್ ಪಕ್ಕದಲ್ಲೋ, ಹೊರಗಿನ ಗಾಳಿ ಸಿಗುವ ಕಡೆ ಇರುತ್ತದೆ. ನಿಜವಾದ ಕೋಲ್ಡ್ ಏರ್ ಇಂಟೇಕ್ ಅದೇ. ಅದನ್ನು ಗುಜರಿಗೆ ಹಾಕಿ, ಕೆಂಪು ಕೋನನ್ನು ತಂದು ಎಂಜಿನ್ ಪಕ್ಕದಲ್ಲಿ ಬರಿಮೈಯಲ್ಲಿ ಕೂರಿಸುತ್ತೇವೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಾಗ ಅದು ಎಳೆದುಕೊಳ್ಳೋದು ರೇಡಿಯೇಟರ್ ಬಿಟ್ಟ ಬಿಸಿಗಾಳಿಯನ್ನೇ. ಹೊರಗೆ 27 ಡಿಗ್ರಿ, ಬಾನೆಟ್ ಒಳಗೆ 57 ಅಂದುಕೊಳ್ಳಿ. ಗಾಳಿ ಶೇ. 9ರಷ್ಟು ತೆಳುವಾಯಿತು. ಐದು ಹುದ್ದೆ ತುಂಬೋಕೆ ಹೋದದ್ದಕ್ಕೆ ಎಂಟು ಕುದುರೆ ವಿಆರ್‌ಎಸ್ ತಗೊಂಡವು.

ಬೆಂಗಳೂರಿನವರಿಗೆ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10 ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅಂದರೆ ಷೋರೂಮಿನಿಂದ ಕಾರು ಹೊರಬರುವ ದಿನವೇ 90ರಲ್ಲಿ 9 ಕುದುರೆ ಗೈರುಹಾಜರು. ಅವು ವಾಪಸ್ ಬೇಕಾದರೆ ಶಿರಾಡಿ ಘಾಟಿ ಇಳಿದರೆ ಸಾಕು. ಕರಾವಳಿಯ ಸೆಖೆ ಒಂದೆರಡನ್ನು ಕಿತ್ತುಕೊಂಡರೂ ಆರೇಳು ಎಚ್‌ಪಿ ಪುಕ್ಕಟೆ, ಮೇಲೆ ನೀರುದೋಸೆ. ಘಾಟಿಯನ್ನು ಡಬ್ಬಿಯಲ್ಲಿ ತುಂಬಿ ಮಾರೋಕೆ ಆಗೋದಿಲ್ಲ ನೋಡಿ, ಅದಕ್ಕೇ ಈ ಉಪಾಯಕ್ಕೆ ಜಾಹೀರಾತಿಲ್ಲ. ಗುಂಡಿಗೆ ಬಿದ್ದು ಸಸ್ಪೆನ್ಷನ್ ಹೋದರೆ ಅದರ ಬಿಲ್ಲು ಬೇರೆ.

ಇನ್ನು ಥ್ರಾಟಲ್. ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಬಾಗಿಲಿದೆ. ಆಕ್ಸಿಲರೇಟರ್ ಒತ್ತಿದಂತೆ ಅದು ತೆರೆಯುತ್ತದೆ. ಹೆಬ್ಬಾಳದಲ್ಲಿ ಬಂಪರ್‌ಗೆ ಬಂಪರ್ ತಾಗಿಸಿಕೊಂಡು ತೆವಳುವಾಗ ಆ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ. ಆಗ ಗಾಳಿಯನ್ನು ತಡೆಯುತ್ತಿರೋದು ಫಿಲ್ಟರ್ ಅಲ್ಲ, ನಿಮ್ಮದೇ ಬಲಗಾಲು. ಫಿಲ್ಟರ್‌ನ ತಡೆ ಲೆಕ್ಕಕ್ಕೆ ಬರೋದು ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ 6000 ಆರ್‌ಪಿಎಂ ಹತ್ತಿರ ಕಿರುಚುವಾಗ. ನಗರದೊಳಗೆ ಅಂಥ ರಸ್ತೆ ಸಿಗೋದು ಬಂದ್ ದಿನ ಮಾತ್ರ. ಅವತ್ತು ಕಾರು ಹೊರಗೆ ತೆಗೆಯೋ ಧೈರ್ಯ ಯಾರಿಗೂ ಇರೋದಿಲ್ಲ.

"ಡೈನೊ ರಿಪೋರ್ಟ್ ಇದೆಯಲ್ಲ ಗುರು" ಅಂತ ಕೇಳುವವರಿದ್ದಾರೆ. ಡೈನೊ ಅಂದರೆ ಕಾರನ್ನು ರೋಲರ್ ಮೇಲೆ ಓಡಿಸಿ ಎಚ್‌ಪಿ ಅಳೆಯುವ ಯಂತ್ರ. ಆ ರಿಪೋರ್ಟಿನ ಫೋಟೊ ಸರಿಯಾಗಿ ನೋಡಿ. ಎಷ್ಟೋ ಸಲ ಬಾನೆಟ್ ತೆರೆದಿರುತ್ತದೆ, ಮುಂದೆ ಆಳೆತ್ತರದ ಫ್ಯಾನು ಬೀಸುತ್ತಿರುತ್ತದೆ. ಬಿಸಿಗಾಳಿ ಕುಡಿಯುವ ಕೋನ್‌ಗೆ ಇದಕ್ಕಿಂತ ಮದುವೆಮನೆ ಉಪಚಾರ ಬೇಕೇ? ಅಲ್ಲದೆ ಏನೂ ಬದಲಾಯಿಸದೆ ಅದೇ ಕಾರನ್ನು ಎರಡು ಸಲ ಅಳೆದರೂ ಒಂದೆರಡು ಎಚ್‌ಪಿ ಆಚೀಚೆ ಆಗೋದು ಮಾಮೂಲು. ಜಾಸ್ತಿ ಬಂದದ್ದನ್ನು ಫ್ರೇಮ್ ಹಾಕಿಸುತ್ತಾರೆ.

ಹಾಗಂತ ಹಾಕಿಸಿಕೊಂಡವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಗಾಡಿ ಚಿಮ್ಮಿದಂತೆ ಅನಿಸುತ್ತದೆ. ಕಾರಣ ಸೌಂಡು. ಆ ಕಪ್ಪು ಡಬ್ಬಿಗೆ ಇನ್ನೊಂದು ಕೆಲಸವಿತ್ತು: ಎಂಜಿನ್ ಗಾಳಿ ಎಳೆಯುವ ಗದ್ದಲವನ್ನು ಅಡಗಿಸೋದು. ಅದು ಹೋದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೂ ಘರ್ಜನೆ. ಕಿವಿ ನಂಬಿತು, ಬೆನ್ನು ಹಿಂಬಾಲಿಸಿತು, ಸ್ಪೀಡೋಮೀಟರನ್ನು ಯಾರೂ ಕೇಳಲಿಲ್ಲ. ದೊಡ್ಡ ಕಂಪನಿಗಳಿಗೂ ಈ ಗುಟ್ಟು ಗೊತ್ತು. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಎಂಜಿನ್ ಶಬ್ದವನ್ನು ಸ್ಪೀಕರ್‌ನಲ್ಲೂ ಕೇಳಿಸುತ್ತಿದ್ದರು. ನಮ್ಮವರು ಆ ಮಟ್ಟಿಗೆ ಪ್ರಾಮಾಣಿಕರು. ಶಬ್ದವಾದರೂ ಅಸಲಿ.

ಉಪಯೋಗವೇ ಇಲ್ಲ ಅಂದರೆ ತಪ್ಪಾಗುತ್ತದೆ. ಎಂಜಿನ್ ಒಳಗನ್ನೇ ಬದಲಾಯಿಸಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವನ್ನು ಟ್ಯೂನ್ ಮಾಡಿಸಿ, ಫಿಲ್ಟರ್ ಸುತ್ತ ಭದ್ರವಾಗಿ ಡಬ್ಬಿ ಕಟ್ಟಿಸಿ ಹೊರಗಿನ ಗಾಳಿಯನ್ನೇ ಎಳೆಯುವಂತೆ ಮಾಡಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರೇಸ್ ಓಡಿಸುವವರಿಗೆ ಒಂದಿಷ್ಟು ಎಚ್‌ಪಿ ಸಿಗಬಹುದು. ಗಮನಿಸಿದಿರಾ? ಮತ್ತೆ ಡಬ್ಬಿಯನ್ನೇ ಕಟ್ಟಿಸಬೇಕು.

ಹೊರಗಿನ ಗಾಳಿಯೇ ಬೇಕು ಅಂತ ಹಟ ಹಿಡಿದವರಿಗೆ ಉದ್ದ ಪೈಪಿನ ಮಾಡೆಲ್ಲೂ ಇದೆ. ಫಿಲ್ಟರ್ ಬಂಪರ್ ಹಿಂದೆ, ನೆಲಕ್ಕೆ ಹತ್ತಿರ ಕೂರುತ್ತದೆ. ಗಾಳಿ ನಿಜಕ್ಕೂ ತಣ್ಣಗಿರುತ್ತದೆ. ಮಳೆ ಬಂದು ಅಂಡರ್‌ಪಾಸ್ ತುಂಬಿದ ದಿನ ನೀರೂ ತಣ್ಣಗಿರುತ್ತದೆ. ನೀರನ್ನು ಗಾಳಿಯಂತೆ ಹಿಂಡೋಕೆ ಪಿಸ್ಟನ್ ಕೈಲಿ ಆಗೋದಿಲ್ಲ. ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಇನ್‌ಶೂರೆನ್ಸ್ ಪಾಲಿಸಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ದುಡ್ಡು ಬರೋದಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ಮುಳುಗಿದಾಗ ಐಟಿಯವರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರ್. ಹಳ್ಳಿಯಲ್ಲಿ ಓಡುವ ಮಾಮೂಲಿ ಟ್ರ್ಯಾಕ್ಟರ್‌ಗೆ ನಲವತ್ತು ಚಿಲ್ಲರೆ ಎಚ್‌ಪಿ ಇದ್ದರೆ ಹೆಚ್ಚು. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಗಾಳಿ ಎಳೆಯುವ ಮೂತಿ ಬಾನೆಟ್‌ಗಿಂತ ಮೇಲೆ ಎದ್ದು ನಿಂತಿರುತ್ತದೆ. ಟ್ರೇಲರ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ತಬ್ಬಿಕೊಂಡು ನಿಂತಿದ್ದವರಲ್ಲಿ ಯಾರೂ ಪಿಕಪ್ ಹೇಗಿದೆ ಅಂತ ಕೇಳಿದ ವರದಿ ಬರಲಿಲ್ಲ.