ವಿಶ್ವೇಶ್ವರರ ಗೆರೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಬಡಿದ ಬೆರಳು ಯಾರದಾದರೇನು, ನಾದದಲ್ಲಿ ತಿಳಿಯುವುದು ಮಡಕೆಯ ಗುಣ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು, ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವವಿರುವ ಕಪ್ಪುಕುಳಿಯನ್ನು (ಬ್ಲ್ಯಾಕ್ ಹೋಲ್) ಪರೀಕ್ಷಿಸಿದ್ದು ಹೆಚ್ಚುಕಡಿಮೆ ಹೀಗೆಯೇ.

ಅದಕ್ಕೂ ಮೊದಲು, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದಾಗ, ತುಸು ಅಲುಗಿಸಿದರೆ ಕಪ್ಪುಕುಳಿ ಹಾಗೆಯೇ ಉಳಿದೀತೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ತಿರುಗದ ಕಪ್ಪುಕುಳಿ ಸ್ಥಿರವಾಗಿಯೇ ಇರುತ್ತದೆಂದು ಗಣಿತದಿಂದ ತೋರಿಸಿದ್ದರು. ಆಮೇಲೆ ಅದರತ್ತ ಗುರುತ್ವ ಅಲೆಗಳ, ಅಂದರೆ ದೇಶ-ಕಾಲದಲ್ಲೇ ಏಳುವ ಕಂಪನಗಳ, ಕಂತೆಗಳನ್ನು, ಲೆಕ್ಕದಲ್ಲೇ, ಎಸೆಯತೊಡಗಿದರು. ಅಗಲವಾದ ಕಂತೆಗಳು ಹೇಳಿಕೊಳ್ಳುವಂಥ ಬದಲಾವಣೆಯಿಲ್ಲದೆ ಚದುರಿದವು. ಕಂತೆಯ ಅಗಲ ಕಪ್ಪುಕುಳಿಯ ಗಾತ್ರಕ್ಕೆ ಸಮೀಪಿಸಿದಾಗ ಮಾತ್ರ, ಚದುರಿದ ಅಲೆಯ ನಕ್ಷೆಯಲ್ಲಿ, ಬಡಿದ ಗಂಟೆಯ ನಾದ ಕ್ಷೀಣಿಸುವಂತೆ ಏರಿಳಿಯುತ್ತ ಸಣ್ಣಗಾಗುವ ಗೆರೆಯೊಂದು ಕಾಣಿಸಿತು. ಆ ಗೆರೆಯ ಆವರ್ತನವನ್ನೂ ಅದು ಅಡಗುವ ವೇಗವನ್ನೂ ನಿರ್ಧರಿಸುವುದು ಕಪ್ಪುಕುಳಿಯೇ ಹೊರತು ಎಸೆದ ಅಲೆಯಲ್ಲ.

ಸುಮಾರು 45 ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು, ಗುರುತ್ವ ಅಲೆಗಳನ್ನು ಪತ್ತೆಹಚ್ಚುವ ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳ ವಿಲೀನವನ್ನು ಮೊದಲ ಬಾರಿಗೆ ದಾಖಲಿಸಿದಾಗ, ಸಂಕೇತದ ತುದಿಯ ಕೆಲವೇ ಮಿಲಿಸೆಕೆಂಡುಗಳಲ್ಲಿ ಅದೇ ಬಗೆಯ ಅನುರಣನವಿತ್ತು. ಅದನ್ನು ನೋಡುವವರೆಗೆ ವಿಶ್ವೇಶ್ವರರು ಬದುಕಿದ್ದರೆಂಬುದೇ ಸಮಾಧಾನ; ಅವರು ತೀರಿಕೊಂಡದ್ದು 2017ರ ಜನವರಿಯಲ್ಲಿ.

ಪ್ರತಿ ಜನವರಿಯಲ್ಲೂ ನಾವು ‘ಕಪ್ಪುಕುಳಿಯ ಕನ್ನಡಿಗ’ ಎಂದು ಅವರ ಭಾವಚಿತ್ರ ಹಂಚಿಕೊಳ್ಳುತ್ತೇವೆ. ನಾನೂ ಹಂಚಿಕೊಂಡವನೇ. ಆದರೆ ಅವರು ಕಂಡುಹಿಡಿದದ್ದೇನು ಎಂದು ಮಗಳು ಕೇಳಿದ ದಿನ ನನ್ನ ಬಳಿ ‘ಏನೋ ದೊಡ್ಡದು’ ಎಂಬುದಕ್ಕಿಂತ ಹೆಚ್ಚಿನ ಉತ್ತರವಿರಲಿಲ್ಲ. ಸಿದ್ಧಾಂತ ಭೌತವಿಜ್ಞಾನಿಯೊಬ್ಬರು ಬಿಟ್ಟುಹೋಗುವ ಆಸ್ತಿ ಒಂದು ವಾದ, ಒಂದು ಗೆರೆ. ಅದು ಅರ್ಥವಾಗದ ಹೊರತು ವೃತ್ತಕ್ಕೆ ಅವರ ಹೆಸರಿಟ್ಟರೂ ಅದು ಬಸ್ ನಿಲ್ದಾಣದ ಹೆಸರಾಗಿಯಷ್ಟೇ ಉಳಿದೀತು.

ಇದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಕಪ್ಪುಕುಳಿಯ ಸಂಶೋಧನೆಯಲ್ಲಿ ಹೆಸರು ಮಾಡಿದ ಮೇಲೂ ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಶಾಲಾಮಕ್ಕಳಿಗೆ ಆಕಾಶ ತೋರಿಸುವ ಕೆಲಸಕ್ಕೆ ನಿಂತರು. ಭೌತವಿಜ್ಞಾನವನ್ನೇ ವಸ್ತುವಾಗಿಸಿಕೊಂಡು ತಾವೇ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಪಿಯುಸಿಯಲ್ಲಿ ಆಂದೋಲನದ ಪಾಠ ಮಾಡುವ ಮೇಷ್ಟ್ರು ಲೋಲಕದ ಚಿತ್ರದ ಪಕ್ಕದಲ್ಲಿ ಆ ಗೆರೆಯನ್ನೂ ಬರೆದು, ಇದು ಬೆಂಗಳೂರಿನವರೊಬ್ಬರಿಗೆ ಮೊದಲು ಕಾಣಿಸಿದ್ದು ಎಂದು ಹೇಳಲು ಐದು ನಿಮಿಷ ಸಾಕು. ಒಂದು ಮಡಕೆ ಸಿಕ್ಕರೆ ಇನ್ನೂ ಒಳ್ಳೆಯದು.