ಹಡಗು ವಿಹಾರ: ದ್ವೀಪವೂ ಇಲ್ಲ, ಉತ್ತರವೂ ಇಲ್ಲ
ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು ವಿಹಾರ ಹಿರಿಯರಿಗೆ ನಿಶ್ಚಿಂತೆಯ ಪ್ರವಾಸವೆಂದು ಈ ವಿಹಾರದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಮ್ಮ ಅನುಭವ ಹಾಗಿರಲಿಲ್ಲ. ಹವಳದ ದಿಬ್ಬಗಳ ಒಳಗಿನ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ಹೊರಗಡಲಲ್ಲೇ ನಿಂತು ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳುಹಿಸಬೇಕಾಗುತ್ತದೆ, ಅಲೆ ಜೋರಾದರೆ ಅದೂ ರದ್ದಾಗುತ್ತದೆ ಎಂಬುದನ್ನು ಟಿಕೆಟ್ ಮಾರುವಾಗ ಯಾರೂ ತಿಳಿಸಲಿಲ್ಲ. ಸಮುದ್ರ ಯಾರ ಮಾತನ್ನೂ ಕೇಳುವುದಿಲ್ಲ, ಒಪ್ಪುತ್ತೇನೆ. ಆದರೆ ಮಂಡಿನೋವಿರುವ ನನ್ನ ತಾಯಿ ಲೈಫ್ ಜಾಕೆಟ್ ತೊಟ್ಟು ಒಂದೂವರೆ ಗಂಟೆ ಮೆಟ್ಟಿಲ ಬಳಿ ನಿಂತಿದ್ದರೂ ಕುಳಿತುಕೊಳ್ಳಲು ಒಂದು ಕುರ್ಚಿ ಕೊಡದೆ, ಕೊನೆಗೆ ದ್ವೀಪಕ್ಕೆ ಹೋಗುವುದು ರದ್ದಾಗಿದೆ ಎಂದು ಧ್ವನಿವರ್ಧಕದಲ್ಲಿ ಒಂದೇ ವಾಕ್ಯ ಹೇಳಿ ಮುಗಿಸಿದ್ದನ್ನು ಕ್ಷಮಿಸಲಾರೆ. ದ್ವೀಪದ ಸುತ್ತಾಟಕ್ಕೆಂದು ಪ್ರತ್ಯೇಕವಾಗಿ ಕಟ್ಟಿದ ಹಣವನ್ನು ಕೇಳಿದಾಗ ಕಚೇರಿಗೆ ಬರೆಯಿರಿ ಎಂದರು. ಮೂರು ಇ-ಮೇಲ್‌ಗಳಿಗೂ ಉತ್ತರವಿಲ್ಲ. ಈಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.