ಮೊಳಕಾಲು ನೀರಿನಲ್ಲಿ ನಾಲ್ಕು ಗಂಟೆ

ಘಟ್ಟದ ಮೇಲಿನ ನಮಗೆ ಸಮುದ್ರ ಅಂದ್ರೆ ದಡದಲ್ಲಿ ನಿಂತು ನೋಡುವಂಥದ್ದು. ಕಾಲು ನೆನೆಸಬೇಕು, ಚುರುಮುರಿ ತಿನ್ನಬೇಕು, ಚಪ್ಪಲಿಯ ಮರಳು ಕೊಡವಿ ಶಿರಸಿ ಬಸ್ಸು ಹತ್ತಬೇಕು. ಹಾಯಿದೋಣಿಯಲ್ಲಿ ದ್ವೀಪ ಸುತ್ತುವ ಹುಚ್ಚು ಹಿಡಿಸಿದವನು ನಮ್ಮ ಒಬ್ಬ ಗೆಳೆಯ. ಗೋವಾದಲ್ಲಿ ಮೂರು ದಿನ ಹಾಯಿ ಹಿಡಿಯೋದು ಕಲಿತು ಬಂದಿದ್ದ. ಉಳಿದದ್ದನ್ನು ಮೊಬೈಲ್ ಕಲಿಸಿತ್ತು. ಅವತ್ತಿನಿಂದ ಅವನು ಕ್ಯಾಪ್ಟನ್.

ಕಾರವಾರದಲ್ಲಿ ಅವನ ಪರಿಚಯದವರದೊಂದು ಸಣ್ಣ ಹಾಯಿದೋಣಿ ಇತ್ತು. ಕೋಡಿಬಾಗದಿಂದ ಹೊರಟು, ಕಾಳಿ ನದಿಯ ಬಾಯಿ ದಾಟಿ, ಕೂರ್ಮಗಡ ಸುತ್ತಿ, ದೇವಗಡದ ದೀಪಸ್ತಂಭ ನೋಡಿ, ಡಾಲ್ಫಿನ್‌ಗಳಿಗೆ ಕೈ ಬೀಸಿ ಸಂಜೆಗೆ ವಾಪಸ್. ಅಂಜದೀವ ದ್ವೀಪಕ್ಕೆ ನೌಕಾಪಡೆಯವರು ಬಿಡುವುದಿಲ್ಲ. "ಒಳ್ಳೇದೇ ಆಯ್ತು, ಅಷ್ಟು ಹೊತ್ತು ಉಳೀತು" ಅಂದ ಕ್ಯಾಪ್ಟನ್.

ನಾವು ನಾಲ್ಕು ಜನ. ಕ್ಯಾಪ್ಟನ್, ನಾನು, ಕುಮಟಾದ ಮೇಷ್ಟ್ರು, ಮತ್ತೆ ಅಡಿಕೆ ತೋಟದ ಭಾವ. ಭಾವ ಒಂದು ಗೋಣಿಚೀಲದಷ್ಟು ದೊಡ್ಡ ಚೀಲ ತಂದಿದ್ದ. ಅವಲಕ್ಕಿ, ಹಲಸಿನ ಹಪ್ಪಳ, ತೊಡೆದೇವು, ಮಿಡಿ ಉಪ್ಪಿನಕಾಯಿಯ ಭರಣಿ. "ದ್ವೀಪದಲ್ಲಿ ತಿನ್ನಲೆ ಎಂತ ಸಿಗ್ತು ಮಾರಾಯಾ?" ಅಂತ ಅವನ ವಾದ. ಸಮುದ್ರದಲ್ಲಿ ವಾಂತಿ ಆದೀತು ಅಂತ ಅವನಿಗೆ ಭಾರೀ ಹೆದರಿಕೆ. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲೇ ಮೂರು ಸಲ ಕಾರು ನಿಲ್ಲಿಸಿದ್ದೆವು. ಸಮುದ್ರಕ್ಕೆ ಅಂತ ಅವನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ದೋಣಿಗೊಂದು ಪುಟ್ಟ ಎಂಜಿನ್ ಇತ್ತು. ಕ್ಯಾಪ್ಟನ್ ಅದನ್ನು ದಡದಲ್ಲೇ ಬಿಡಿಸಿದ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದಿಂದ ನೆಲಕ್ಕೆ. "ಹೋಗುವಾಗ ಅದು ದೂಡ್ತದೆ, ಬರುವಾಗ ಇದು ದೂಡ್ತದೆ. ಎಂಜಿನ್ ಯಾಕೆ?" ಎಂಜಿನ್ ಇದ್ದ ಜಾಗಕ್ಕೆ ಭಾವನ ಚೀಲ ಬಂತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊರಟೆವು. ಹಾಯಿ ನಿಜಕ್ಕೂ ಉಬ್ಬಿತು! ಬಲಕ್ಕೆ ಸದಾಶಿವಗಡದ ಗುಡ್ಡ, ಎದುರಿಗೆ ಆಮೆ ಹಾಗೆ ಮಲಗಿದ ಕೂರ್ಮಗಡ. ಭಾವ ಕೂಡ ಕಣ್ಣು ಬಿಟ್ಟ. ಅಷ್ಟರಲ್ಲಿ ಕೆಳಗಿನಿಂದ ಯಾರೋ ದೋಣಿಯ ಕಾಲು ಹಿಡಿದು ಎಳೆದ ಹಾಗಾಯಿತು.

ಹಾಯಿದೋಣಿಗೆ ತಳದಲ್ಲಿ ಮೀನಿನ ರೆಕ್ಕೆಯಂಥದ್ದೊಂದು ಹಲಗೆ ಇರುತ್ತದೆ. ಅದಿಲ್ಲದಿದ್ದರೆ ಅಡ್ಡಗಾಳಿಗೆ ದೋಣಿ ಪಕ್ಕಕ್ಕೆ ಜಾರುತ್ತದಂತೆ. ನಮ್ಮ ದೋಣಿಯದ್ದು ಮೇಲೆತ್ತಲು ಬರುವಂಥದ್ದಲ್ಲ. ಅದು ನದಿ ಬಾಯಿಯ ಮರಳದಿಬ್ಬಕ್ಕೆ ಗೂಟ ಹೊಡೆದ ಹಾಗೆ ಇಳಿದು ನಿಂತಿತ್ತು.

"ಹತ್ತು ಗಂಟೆಗೆ ಪೂರ್ತಿ ಉಬ್ಬರ. ನೀರು ಏರ್ತಾ ಇದೆ, ಈಗ ತೇಲ್ತದೆ ನೋಡಿ" ಅಂದ ಕ್ಯಾಪ್ಟನ್. ನೀರು ಮಾತ್ರ ಸುಮ್ನೆ ಇಳಿಯುತ್ತಾ ಹೋಯಿತು. ದೋಣಿ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಉಪ್ಪಿನಕಾಯಿ ಭರಣಿ ಜಾರಿ ನನ್ನ ಮಡಿಲಿಗೆ ಬಂತು.

ಮೇಷ್ಟ್ರು ಮೊಬೈಲ್ ಇಸಕೊಂಡು ನೋಡಿದರು. ಹತ್ತು ಗಂಟೆ ಸರಿಯೇ. ದಿನ ಮಾತ್ರ ಹಿಂದಿನ ಭಾನುವಾರದ್ದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಹತ್ತಿರಹತ್ತಿರ 6 ಗಂಟೆ. ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರವೂ ಅಷ್ಟೇ. ಅಂದರೆ ಒಂದು ವಾರ ತಪ್ಪಿದರೆ ಎಲ್ಲವೂ ಸರಿಯಾಗಿ ತಿರುಗಾಮುರುಗಾ. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡುವುದಕ್ಕೂ ಯೋಗ ಬೇಕು.

ನಾವು ನಾಲ್ವರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು, ವಾಲಿದ ದೋಣಿಯ ಅಂಚು ಹಿಡಿದು ಕೂತೆವು. ನೀರು ಕದಡಿತ್ತು, ಆಳ ಗೊತ್ತಾಗುತ್ತಿರಲಿಲ್ಲ. ಯಾರಿಗೆ ಫೋನ್ ಮಾಡೋದು ಅಂತ ಚರ್ಚೆ ನಡೆದಿತ್ತು. ಆಗ ದೋಣಿಯ ಪಕ್ಕದಲ್ಲೇ ಒಬ್ಬ ಅಕ್ಕ ನಡೆದು ಬಂದರು. ಸೊಂಟದಲ್ಲಿ ಬುಟ್ಟಿ, ಸೀರೆ ಎತ್ತಿ ಕಟ್ಟಿದ್ದರು. ನೀರು ಅವರ ಮೊಳಕಾಲಿಗೂ ಬಂದಿರಲಿಲ್ಲ.

"ಇಳೀರಿ, ಯಾಕೆ ಹೀಗೆ ಕೂತಿದ್ರಿ?"

ಯಾರೂ ಮಾತಾಡಲಿಲ್ಲ. ಭಾವನೇ ಕೊನೆಗೆ, "ಸುಮ್ನೆ, ಗಾಳಿಗೆ ಅಕ್ಕಾ" ಅಂದ.

ಹಿಂದೆ ಇನ್ನೂ ಐದಾರು ಹೆಂಗಸರು ಬಂದರು. ನಮ್ಮ ಸುತ್ತ ಬಗ್ಗಿ ಮರಳು ಕೆದಕಿ ತಿಸ್ರೆ ಆರಿಸತೊಡಗಿದರು. ಕುಮಟಾ ಕಡೆ ಬಳಚು ಅನ್ನುವ ಚಿಪ್ಪಿ ಅದು. ಒಬ್ಬರಂತೂ ತುಂಬಿದ ಬುಟ್ಟಿಯನ್ನು ನಮ್ಮ ದೋಣಿಯ ಅಂಚಿಗೆ ಒರಗಿಸಿಟ್ಟರು. ಅವತ್ತು ಆ ದೋಣಿಯಿಂದ ಆದ ಉಪಯೋಗ ಅದೊಂದೇ.

ಕ್ಯಾಪ್ಟನ್ ಮುಖ ನೋಡಲಾಗದೆ ಮೇಷ್ಟ್ರು ಟ್ಯಾಗೋರರ ಕಥೆ ತೆಗೆದರು. 1880ರ ದಶಕದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ರವೀಂದ್ರರು ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಇದೇ ಕಾಳಿಯಲ್ಲಿ ದೋಣಿ ಹತ್ತಿ ಹೋದರು. ವಾಪಸ್ ನದಿಯ ಬಾಯಿಗೆ ಬರುವಷ್ಟರಲ್ಲೇ ತುಂಬಾ ಹೊತ್ತಾಗಿ, ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು. "ಆಮೇಲೆ ಆ ರಾತ್ರಿಯ ಮೇಲೆ ಕವಿತೆ ಬರೆದರು" ಅಂತ ಮೇಷ್ಟ್ರು ಮುಗಿಸಿದರು.

"ನಾವು ಅವಲಕ್ಕಿ ತಿನ್ನನ" ಅಂದ ಭಾವ. ಹೆಂಗಸರಿಗೂ ಕೊಟ್ಟ. ಮಿಡಿ ಉಪ್ಪಿನಕಾಯಿ ಭರಣಿ ಅಲ್ಲೇ ಖಾಲಿ.

ಹನ್ನೆರಡರ ಸುಮಾರಿಗೆ ದೋಣಿ ತಾನಾಗಿ ನೆಟ್ಟಗಾಯಿತು. ಅಷ್ಟರಲ್ಲಿ ಗಾಳಿ ಸಮುದ್ರದ ಕಡೆಯಿಂದ ಶುರುವಾಗಿತ್ತು. ಎದುರುಗಾಳಿಗೆ ಅಂಕುಡೊಂಕಾಗಿ ಹೋಗಿ ಕೂರ್ಮಗಡ ಮುಟ್ಟಬಹುದು ಅಂದ ಕ್ಯಾಪ್ಟನ್. ಮೂರು ಮತ ವಿರುದ್ಧ ಬಿದ್ದವು. ತಿರುಗಿದ ಇಪ್ಪತ್ತೇ ನಿಮಿಷಕ್ಕೆ ಹಾಯಿ ತುಂಬಿಕೊಂಡು ಕೋಡಿಬಾಗಕ್ಕೆ ಬಂದೆವು. ದಡದಲ್ಲಿದ್ದ ಪ್ರವಾಸಿಗರು ನಮ್ಮ ಫೋಟೋ ತೆಗೆದರು. ಕ್ಯಾಪ್ಟನ್ ಎದ್ದು ನಿಂತ.

ಮೇಷ್ಟ್ರು ಆ ಅಕ್ಕನ ಹತ್ತಿರ ಒಂದು ಚೀಲ ತಿಸ್ರೆ ಕೊಂಡಿದ್ದರು. ಕೂರ್ಮಗಡದ ಬಂಡೆಯಿಂದ ತಾವೇ ಕಿತ್ತು ತಂದದ್ದು ಅಂತ ಮನೆಯಲ್ಲಿ ಹೇಳಿದ್ದಾರಂತೆ. ತಿಸ್ರೆ ಬಂಡೆಯಲ್ಲಿ ಬೆಳೆಯುವುದಿಲ್ಲ ಅಂತ ಕುಮಟಾದಲ್ಲೇ ಹುಟ್ಟಿದ ಅವರ ಹೆಂಡತಿಗೆ ಗೊತ್ತಿರದೇ ಇರುತ್ತದಾ?